ಆಡಿನ ಬೆಲೆ ಕಟ್ಟುವವರು ಯಾರು?



ಅಡುಗೆ ಮನೆಯ ಖರ್ಚು, ಚೀಟಿಯ ಹಣ, ಮಕ್ಕಳ ಫೀಸು ಎಂದು ಈ ಪುಟದಲ್ಲಿ ಪ್ರತಿ ತಿಂಗಳೂ ಲೆಕ್ಕ ಮಾಡುತ್ತೇವೆ. ಈ ಸಲ ಅವನ್ನೆಲ್ಲ ಬದಿಗಿಟ್ಟು ಹಿತ್ತಲಲ್ಲಿ ಕಟ್ಟಿರುವ ಆಡಿನ ಲೆಕ್ಕ ಮಾಡೋಣ. ಪಟ್ಟಣದಲ್ಲಿರುವವರು ಇದು ನಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವಬೇಡಿ. ವರ್ಷಕ್ಕೊಮ್ಮೆಯಾದರೂ ನೀವೂ ಈ ವ್ಯಾಪಾರದ ಇನ್ನೊಂದು ತುದಿಯಲ್ಲಿ ನಿಂತಿರುತ್ತೀರಿ.

ನಾನು ಆ ತುದಿಯಲ್ಲಿ ನಿಂತಿದ್ದು 2024ರ ಬಕ್ರೀದ್‌ಗೆ. ಆ ವರ್ಷ ಹಬ್ಬ ಜೂನ್ 17ಕ್ಕೆ ಬಂದಿತ್ತು. ಹಬ್ಬಕ್ಕೆ ನಾಲ್ಕು ದಿನವಿರುವಾಗ ನಮ್ಮ ಮನೆಯವರು ಹುಬ್ಬಳ್ಳಿಯಲ್ಲಿ ಒಂದು ಹೋತ ಕೊಂಡು ತಂದರು. ಮಾರಿದವನು ತಕ್ಕಡಿ ಇಟ್ಟುಕೊಂಡೇ ವ್ಯಾಪಾರ ಮಾಡುತ್ತಿದ್ದನಂತೆ. 34 ಕೆ.ಜಿ., ಕೆ.ಜಿ.ಗೆ 550ರಂತೆ 18,700 ರೂಪಾಯಿ. ಕಪ್ಪು ಮೈ, ಹಣೆಯ ಮೇಲೆ ಬಿಳಿ ಮಚ್ಚೆ. ಮಕ್ಕಳಿಗೆ ಬಹಳ ಖುಷಿಯಾಯಿತು. ಹುನಗುಂದ ಸೀಮೆಯ ಹಳ್ಳಿಯಲ್ಲಿರುವ ನನ್ನ ಖಾಲಾರಿಗೆ ಫೋನ್ ಮಾಡಿ, "ನಿಮ್ಮ ಮನೆಯ ಹೋತದಂತೆಯೇ ಇದೆ ಖಾಲಾ" ಎಂದು ವರ್ಣಿಸಿದೆ. ಬೆಲೆಯನ್ನೂ ಹೇಳಿದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ನಂತರ ಖಾಲಾ ಕೇಳಿದರು, "ಒಂದಕ್ಕಾ ಬೇಟಾ, ಜೋಡಿಗಾ?"

ಖಾಲಾ ತಮ್ಮ ಎರಡು ಹೋತಗಳನ್ನು ರಮಝಾನಿನ ಕೊನೆಯ ವಾರ, ಅಂದರೆ ಏಪ್ರಿಲ್ ಮೊದಲಲ್ಲಿ ಮನೆ ಬಾಗಿಲಿಗೆ ಬಂದ ದಲ್ಲಾಳಿಗೆ ಮಾರಿದ್ದರು. ಜೋಡಿಗೆ 17,000. ಈದ್‌ನ ಬಟ್ಟೆ ಆಗಬೇಕಿತ್ತು, ಕಿರಾಣಿ ಅಂಗಡಿಯ ಸಾಲ ತೀರಬೇಕಿತ್ತು. "ನೋಟು ಎಣಿಸಿ ಕೈಯಲ್ಲಿ ಇಟ್ಟಾಗ ಖುಷಿಯಾಗಿತ್ತು. ಈಗ ನಿನ್ನ ಮಾತು ಕೇಳಿ ಹೊಟ್ಟೆ ಉರಿಯಿತು" ಎಂದರು. ನಾನು ಸುಮ್ಮನೆ ಫೋನ್ ಮಾಡಿ ಅವರ ನೆಮ್ಮದಿ ಕೆಡಿಸಿದೆನಲ್ಲಾ ಎಂದು ನನಗೂ ಬೇಸರವಾಯಿತು. ಸಮಾಧಾನ ಹೇಳಲೆಂದು, "ನಿಮ್ಮ ಹೋತ ಎಷ್ಟು ತೂಕ ಇದ್ದವು?" ಎಂದು ಕೇಳಿದೆ.

"ತೂಕ ಯಾರು ನೋಡಿದ್ದಾರೆ? ನನ್ನಿಂದ ಎತ್ತಲು ಆಗುತ್ತಿರಲಿಲ್ಲ. ಅಷ್ಟಿತ್ತು."

ಈ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಹುಟ್ಟಿದ ದಿನದಿಂದ ಸೊಪ್ಪು ತಂದು ಹಾಕಿದವರು ಖಾಲಾ. ಮಳೆ ಬಂದರೆ ಒಳಗೆ ಕಟ್ಟಿದವರು, ಹೊಟ್ಟೆ ಉಬ್ಬಿದಾಗ ರಾತ್ರಿಯೆಲ್ಲ ಕೂತು ಓಮಿನ ನೀರು ಕುಡಿಸಿದವರು ಅವರೇ. ಆ ಆಡಿನ ತೂಕ ಅವರಿಗೆ ಗೊತ್ತಿಲ್ಲ. ಮೊದಲ ಸಲ ನೋಡಿದ ದಲ್ಲಾಳಿಗೆ ಮಾತ್ರ ಬೆನ್ನ ಮೇಲೆ ಕೈ ಆಡಿಸಿದೊಡನೆ ಗೊತ್ತಾಗುತ್ತದೆ.

ಹಾಗಾದರೆ ದಲ್ಲಾಳಿ ಖಾಲಾರಿಗೆ ಮೋಸ ಮಾಡಿದನೇ? ಹಾಗೆಂದೇ ನಾನೂ ಮೊದಲು ಅಂದುಕೊಂಡಿದ್ದೆ. ಆದರೆ ಲೆಕ್ಕ ಹಾಕಿದಾಗ ಬೇರೆಯೇ ಕಂಡಿತು. ಜೀವಂತ ಆಡಿನ ತೂಕದಲ್ಲಿ ಸುಮಾರು 45ರಿಂದ 50 ಶೇಕಡಾ ಮಾತ್ರ ಮಾಂಸವಾಗಿ ದೊರೆಯುತ್ತದೆ. 28 ಕೆ.ಜಿ.ಯ ಹೋತವಾದರೆ ಮಾಂಸ ಹದಿಮೂರು ಕೆ.ಜಿ. ಆಸುಪಾಸು. ಮಟನ್ ಕೆ.ಜಿ.ಗೆ 700 ರೂಪಾಯಿ ಎಂದು ಹಿಡಿಯಿರಿ, 9,100 ಆಯಿತು. ತಲೆ, ಕಾಲು, ಬೋಟಿ ಮಾರಿ ಅಂಗಡಿಯವನು ತನ್ನ ಕೂಲಿ, ಬಾಡಿಗೆ ಹೊರಡಿಸಿಕೊಳ್ಳಬೇಕು. ಮೊದಲಾದರೆ ಚರ್ಮಕ್ಕೂ ಒಂದು ಬೆಲೆ ಇತ್ತು. ಈಗ ಅದು ಎಷ್ಟು ಕುಸಿದಿದೆ ಎಂಬುದು ಹಬ್ಬದ ಮರುದಿನ ಚರ್ಮ ಒಯ್ಯಲು ಯಾರೂ ಬಾರದೆ ಕಾದವರಿಗೆಲ್ಲ ಗೊತ್ತು. ಅಂದ ಮೇಲೆ 8,500ಕ್ಕೆ ಕೊಂಡ ದಲ್ಲಾಳಿ ಮಾಂಸದ ಅಂಗಡಿಯ ಲೆಕ್ಕದಲ್ಲಿ ಸರಿಯಾದ ಬೆಲೆಯನ್ನೇ ಕೊಟ್ಟಿದ್ದ. ಖಾಲಾ ಸೋತದ್ದು ಬೇರೆ ಕಡೆ. ಕುರ್ಬಾನಿಗೆ ಆಗುವಂತಹ ಹೋತವನ್ನು ಅವರು ಕಸಾಯಿ ಅಂಗಡಿಯ ದರಕ್ಕೆ ಮಾರಿಬಿಟ್ಟಿದ್ದರು.

ಸಂತೆಯಲ್ಲಿ ಆಡು-ಕುರಿಗೆ ಎರಡು ಬೆಲೆಗಳಿವೆ. ಮಾಂಸದ ಬೆಲೆ ವರ್ಷವಿಡೀ ಇರುವುದು. ನಿಮ್ಮ ಊರಿನ ಮಟನ್ ದರದ ಅರ್ಧಕ್ಕಿಂತ ತುಸು ಕಡಿಮೆ ಎಂದು ಇಟ್ಟುಕೊಂಡರೆ, ಜೀವಂತ ಆಡಿನ ಒಂದು ಕೆ.ಜಿ.ಯ ದರ ಹೆಚ್ಚು ಕಡಿಮೆ ಸಿಗುತ್ತದೆ. ಇನ್ನೊಂದು ಹಬ್ಬದ ಬೆಲೆ. ಅಲ್ಲಿ ನೋಡುವುದು ಬರೀ ಮಾಂಸವನ್ನಲ್ಲ. ಕಣ್ಣು, ಕಾಲು ಸರಿಯಿರಬೇಕು, ರೋಗ ಇರಬಾರದು, ತೀರಾ ಬಡಕಲಾಗಿರಬಾರದು. ಪ್ರಾಯ ತುಂಬಿರಬೇಕು. ಹನಫಿಗಳಲ್ಲಿ ಆಡಿಗೆ ಒಂದು ವರ್ಷ ಸಾಕು, ಕರಾವಳಿಯ ನಮ್ಮ ಶಾಫಿ ಸಹೋದರಿಯರ ಮನೆಗಳಲ್ಲಿ ಎರಡು ವರ್ಷ ಆಗಿರಬೇಕು. ಆದ್ದರಿಂದಲೇ ಸಂತೆಯಲ್ಲಿ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಹಾಲುಹಲ್ಲು ಬಿದ್ದು ಮುಂದಿನ ಎರಡು ದೊಡ್ಡ ಹಲ್ಲು ಬರುವುದು ವರ್ಷ ದಾಟಿದ ಮೇಲೆ. 'ಎರಡು ಹಲ್ಲಾಗಿದೆ' ಎಂದೊಡನೆ ಬೆಲೆ ಮೇಲೇರುತ್ತದೆ. ಮನೆಯಲ್ಲಿ ಮರಿ ಹುಟ್ಟಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟವರಿಗೆ ಈ ಹಲ್ಲಿನ ವಾದವೇ ಬೇಡ.

ಬೆಲೆ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದಕ್ಕೂ ಒಂದು ಕ್ಯಾಲೆಂಡರ್ ಇದೆ. ಅದು ನಮ್ಮದೊಂದೇ ಅಲ್ಲ. ಶ್ರಾವಣದಲ್ಲಿ ಬಹಳಷ್ಟು ಹಿಂದೂ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ, ಆಗ ಸಂತೆ ತಣ್ಣಗಿರುತ್ತದೆ. ಹಳೇ ಮೈಸೂರು ಕಡೆ ಯುಗಾದಿಯ ಮರುದಿನದ ಹೊಸತೊಡಕಿಗೆ ಏರುತ್ತದೆ, ಮಹಾನವಮಿಗೆ ಏರುತ್ತದೆ, ಊರ ಜಾತ್ರೆಗಳಿಗೆ ಏರುತ್ತದೆ. 2025ರಲ್ಲಿ ಮಾರ್ಚ್ 31ರಂದು ನಮ್ಮ ಈದುಲ್ ಫಿತ್ರ್ ಮತ್ತು ಅವರ ಹೊಸತೊಡಕು ಒಂದೇ ದಿನ ಬಿದ್ದಿತ್ತು. ಇನ್ನು ಬೇಸಿಗೆಯಲ್ಲಿ ಮೇವಿಲ್ಲ, ಆಡು ಸೊರಗುತ್ತದೆ, ಮಾರುವವರು ಹೆಚ್ಚು. ಜೂನ್‌ನಲ್ಲಿ ಬಿತ್ತನೆ ಬೀಜ, ಶಾಲೆಯ ಫೀಸು ಒಟ್ಟಿಗೆ ಬರುತ್ತವೆ, ಆಗಲೂ ಮಾರುವವರೇ ಹೆಚ್ಚು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತವೆಂದು ಸಾರಲಾಗಿತ್ತು. ಅದರ ಮುಂದಿನ ಬೇಸಿಗೆಯಲ್ಲೇ ಖಾಲಾ ಮಾರಿದ್ದು. ಬಾವಿಯಲ್ಲಿ ನೀರಿಲ್ಲದ, ಹೊಲದಲ್ಲಿ ಹುಲ್ಲಿಲ್ಲದ ಮನೆಗೆ ದಲ್ಲಾಳಿ ಬಂದರೆ ಅವನ ಎದುರು ಕೂತು ಚೌಕಾಸಿ ಮಾಡುವ ಧೈರ್ಯ ಎಲ್ಲಿಂದ ಬರಬೇಕು?

ನಮ್ಮ ಹಬ್ಬವಂತೂ ಒಂದು ಕಡೆ ನಿಲ್ಲುವುದಿಲ್ಲ. ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2014ರಲ್ಲಿ ಬಕ್ರೀದ್ ಅಕ್ಟೋಬರ್ ಮೊದಲ ವಾರದಲ್ಲಿತ್ತು. ಮಳೆಗಾಲದ ಹಸಿರು ಮೇದು ಮೈದುಂಬಿದ ಆಡುಗಳು ಸಿಗುತ್ತಿದ್ದ ಕಾಲ ಅದು. 2020ರಲ್ಲಿ ಆಗಸ್ಟ್ 1, 2025ರಲ್ಲಿ ಜೂನ್ 7. 2030ರ ಹೊತ್ತಿಗೆ ಏಪ್ರಿಲ್ ಮಧ್ಯಕ್ಕೆ ಬರುತ್ತದೆ. ಅಂದರೆ ಉತ್ತರ ಕರ್ನಾಟಕದಲ್ಲಿ ಮೇವು ಅತ್ಯಂತ ಕಡಿಮೆ ಇರುವ ದಿನಗಳಲ್ಲೇ ಆಡು ಅತ್ಯಂತ ಚೆನ್ನಾಗಿ ಕಾಣಬೇಕು. ಇನ್ನು ಕೆಲವು ವರ್ಷ ಹಬ್ಬಕ್ಕೆಂದು ಸಾಕುವವರು ಮುಂಚಿತವಾಗಿಯೇ ಜೋಳದ ಕಣಿಕೆ, ಶೇಂಗಾ ಹೊಟ್ಟು, ತೊಗರಿ ಹೊಟ್ಟು ಕೂಡಿಡದಿದ್ದರೆ ಬೆಲೆ ಏರಿದಾಗ ತೋರಿಸಲು ಅವರ ಬಳಿ ಬರೀ ಎಲುಬು ಇರುತ್ತದೆ.

ಬೇಡಿಕೆ ಮಾತ್ರ ಹೆಚ್ಚುತ್ತಲೇ ಬಂದಿದೆ. ರಾಜ್ಯದಲ್ಲಿ 2021ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆ ಎಲ್ಲ ಪ್ರಾಯದ ಹಸು, ಎತ್ತು, ಹೋರಿಗಳ ವಧೆಯನ್ನು ನಿಷೇಧಿಸಿತು. ದೊಡ್ಡ ಪ್ರಾಣಿಯಲ್ಲಿ ಪಾಲು ಹಾಕುತ್ತಿದ್ದ ಮನೆಗಳೂ ಆಡು-ಕುರಿಯತ್ತ ತಿರುಗಿದವು. ಸಾಕುವವರೂ ಹೆಚ್ಚಿದ್ದಾರೆ. 2012ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 48 ಲಕ್ಷ ಆಡುಗಳಿದ್ದವು, 2019ರಲ್ಲಿ ಸುಮಾರು 62 ಲಕ್ಷ. ಕುರಿಗಳು 96 ಲಕ್ಷದಿಂದ ಒಂದು ಕೋಟಿ ಹತ್ತು ಲಕ್ಷಕ್ಕೆ ಏರಿದವು. ಈ ಆಡುಗಳಲ್ಲಿ ಬಹುಪಾಲು ದೊಡ್ಡ ಫಾರಂಗಳಲ್ಲಿ ಇರುವವಲ್ಲ. ಎರಡು, ಮೂರು, ಐದು ಎಂದು ಹೆಂಗಸರು ಮನೆ ಬದಿಯಲ್ಲಿ ಕಟ್ಟಿಕೊಂಡಿರುವವು.

ಆ ವರ್ಷ ನವೆಂಬರ್‌ನಲ್ಲಿ ಊರಿಗೆ ಹೋದಾಗ ಅಮೀನಗಡದ ಸಂತೆ ನೋಡಬೇಕೆಂದು ಹಟ ಹಿಡಿದೆ. ಅಮೀನಗಡ ಎಂದರೆ ನಿಮಗೆ ಕರದಂಟು ನೆನಪಾಗಬಹುದು. ಕುರಿ ವ್ಯಾಪಾರಿಗಳಿಗೆ ನೆನಪಾಗುವುದು ಸಂತೆ. ಬೆಂಗಳೂರಿನ ಬಕ್ರೀದ್ ಮಾರುಕಟ್ಟೆಯಲ್ಲಿ 'ಅಮೀನಗಡದ ಟಗರು' ಎಂದು ಊರ ಹೆಸರು ಹೇಳಿಯೇ ಮಾರುತ್ತಾರೆ. ಖಾಲೂ ಮೊದಲು ಒಪ್ಪಲಿಲ್ಲ. "ಅಲ್ಲಿ ಹೆಂಗಸರು ಬರುವುದಿಲ್ಲ" ಎಂದರು. ಕೊನೆಗೆ ಖಾಲಾ, ನಾನು ಇಬ್ಬರೂ ಬುರ್ಖಾ ಹಾಕಿಕೊಂಡು ಅವರ ಹಿಂದೆ ಹೊರಟೆವು. ಹೆಂಗಸರು ಬರುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ಚಹಾ ಮಾರುವವರು, ಹಗ್ಗ ಮಾರುವವರು ಇದ್ದರು. ಮರಿ ಎತ್ತಿಕೊಂಡು ಬಂದ ಒಂದಿಬ್ಬರು ಅಜ್ಜಿಯರೂ ಇದ್ದರು. ಆದರೆ ಬೆಲೆ ಮಾತಾಡುವ ಜಾಗದಲ್ಲಿ ಒಬ್ಬ ಹೆಂಗಸನ್ನೂ ನಾನು ಕಾಣಲಿಲ್ಲ.

ಬೆಲೆ ಮಾತಾಡುವುದು ಎಂದೆನಲ್ಲ, ಮಾತೇ ಇಲ್ಲ! ದಲ್ಲಾಳಿ ತನ್ನ ಹೆಗಲ ಮೇಲಿನ ಟವೆಲ್ ತೆಗೆದು ಮಾರುವವನ ಕೈಯ ಮೇಲೆ ಹಾಕುತ್ತಾನೆ. ಟವೆಲ್ ಕೆಳಗೆ ಬೆರಳು ಹಿಡಿಯುತ್ತಾನೆ. ಮಾರುವವನು ತಲೆ ಅಲ್ಲಾಡಿಸುತ್ತಾನೆ, ಇನ್ನೊಂದು ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳಿಗೆ ಎಷ್ಟು ಎಂಬುದು ಆ ಇಬ್ಬರಿಗೆ ಗೊತ್ತು. ಪಕ್ಕದಲ್ಲೇ ಅದೇ ತರಹದ ಹೋತ ಹಿಡಿದು ನಿಂತವನಿಗೆ ಗೊತ್ತಾಗುವುದಿಲ್ಲ. ಅರ್ಧ ಗಂಟೆ ನಿಂತರೂ ನಮಗೆ ಒಂದೇ ಒಂದು ಆಡಿನ ನಿಜವಾದ ಬೆಲೆ ತಿಳಿಯಲಿಲ್ಲ.

ಖಾಲಾ ಧೈರ್ಯ ಮಾಡಿ ಒಬ್ಬನನ್ನು ಕೇಳಿಯೇ ಬಿಟ್ಟರು, "ಯಾಕಪ್ಪಾ, ತೂಕ ಹಾಕಿ ಮಾರಬಾರದೇ?"

ಅವನು ನಕ್ಕ. "ತೂಕ ಹಾಕಾಕ ಇದೇನ್ ಉಳ್ಳಾಗಡ್ಡಿ ಏನ್ರೀ ಅಮ್ಮಾ? ಕಣ್ಣಳತಿ ಮ್ಯಾಲ ನಡಿತೈತಿ."

ಅವನ ಮಾತಿನಲ್ಲಿ ಅವನಿಗೇ ತಿಳಿಯದ ಉತ್ತರ ಇತ್ತು. ಉಳ್ಳಾಗಡ್ಡಿ ಬೆಳೆದ ರೈತ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಹೋದರೆ ತೂಕವಿದೆ, ಬಹಿರಂಗ ಹರಾಜು ಇದೆ. ಬ್ಯಾಡಗಿಯ ಮೆಣಸಿನಕಾಯಿಗೆ ಟೆಂಡರ್ ಇದೆ, ಅಂದಿನ ದರ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಮೆಣಸಿನಕಾಯಿಗೆ ಇರುವ ಮರ್ಯಾದೆ ಒಂದು ವರ್ಷ ಮಗುವಿನಂತೆ ಸಾಕಿದ ಆಡಿಗೆ ಇಲ್ಲ.

ಆಡಿಗೂ ಹಾಗೆ ಮಾಡಲು ಬರುವುದಿಲ್ಲವೇ? ಬರುತ್ತದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಏಂಜೆಲೊ ಎಂಬ ಊರು ಆ ದೇಶದ ಅತಿ ದೊಡ್ಡ ಕುರಿ-ಆಡು ಹರಾಜಿಗೆ ಹೆಸರಾಗಿದೆ. ಅಲ್ಲಿ ಪ್ರಾಣಿಗಳನ್ನು ತೂಗಿ, ನೂರು ಪೌಂಡಿಗೆ (ಸುಮಾರು 45 ಕೆ.ಜಿ.) ಇಷ್ಟು ಡಾಲರ್ ಎಂದು ಎಲ್ಲರೆದುರು ಕೂಗುತ್ತಾರೆ. ಯಾವ ತೂಕದ, ಯಾವ ದರ್ಜೆಯ ಆಡು ಎಷ್ಟಕ್ಕೆ ಹೋಯಿತು ಎಂಬ ವರದಿಯನ್ನು ಸರಕಾರದ ಕೃಷಿ ಇಲಾಖೆಯೇ ಪ್ರಕಟಿಸುತ್ತದೆ. ಇನ್ನೊಂದು ವಿಷಯ ಓದಿ ನನಗೆ ನಗು ಬಂತು. ಅಲ್ಲಿನ ವಿಶ್ವವಿದ್ಯಾಲಯಗಳ ಕೃಷಿ ವಿಸ್ತರಣಾ ವಿಭಾಗದವರು ರೈತರಿಗೆಂದು ರಮಝಾನ್, ಬಕ್ರೀದ್‌ಗಳ ದಿನಾಂಕದ ಪಟ್ಟಿಯನ್ನೇ ಮಾಡಿ ಹಂಚುತ್ತಾರೆ. ಮುಸ್ಲಿಮರು ಯಾವಾಗ ಕೊಳ್ಳುತ್ತಾರೆ, ಅದಕ್ಕೆ ಯಾವಾಗ ಮರಿ ಹಾಕಿಸಬೇಕು ಎಂದು ಟೆಕ್ಸಾಸ್, ಪೆನ್ಸಿಲ್ವೇನಿಯದ ಕ್ರೈಸ್ತ ರೈತರು ಲೆಕ್ಕ ಹಾಕುತ್ತಾರೆ. ನಮ್ಮ ಹಬ್ಬದ ತಾರೀಕು ನಮ್ಮ ಮನೆಯ ಗೋಡೆಯ ಮೇಲೇ ಇದೆ, ನಾವು ಲೆಕ್ಕ ಹಾಕುವುದಿಲ್ಲ! ಹರಾಜು ಇದ್ದ ಮಾತ್ರಕ್ಕೆ ಅಲ್ಲಿನ ರೈತರೆಲ್ಲ ಸುಖವಾಗಿದ್ದಾರೆಂದಲ್ಲ. ಹಬ್ಬ ಮುಗಿದ ಮೇಲೆ ಅಲ್ಲಿಯೂ ಬೆಲೆ ಇಳಿಯುತ್ತದೆ. ಆದರೆ ಎಷ್ಟು ಇಳಿಯಿತು ಎಂಬುದು ಮಾರುವವನಿಗೆ ಗೊತ್ತಿರುತ್ತದೆ.

ಈ ಗೊತ್ತಿರುವುದು, ಗೊತ್ತಿಲ್ಲದಿರುವುದರ ಬಗ್ಗೆ ನಮ್ಮ ಧರ್ಮ ಬಹಳ ಸ್ಪಷ್ಟವಾಗಿದೆ. ಹಳ್ಳಿಯಿಂದ ಸರಕು ತರುವವರನ್ನು ಅವರು ಪೇಟೆ ತಲುಪುವ ಮೊದಲೇ ದಾರಿಯಲ್ಲಿ ಎದುರುಗೊಂಡು ಕೊಳ್ಳುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದರು. ಹಾಗೆ ಮಾರಿದವನು ಪೇಟೆಗೆ ಬಂದು ನಿಜವಾದ ಬೆಲೆ ತಿಳಿದ ಮೇಲೆ ವ್ಯಾಪಾರವನ್ನು ರದ್ದು ಮಾಡುವ ಹಕ್ಕನ್ನೂ ಅವನಿಗೆ ಕೊಟ್ಟರು. ಕೊಳ್ಳುವ ಮನಸ್ಸಿಲ್ಲದೆ ಬರೀ ಬೆಲೆ ಏರಿಸಲೆಂದು ಕೂಗುವುದನ್ನೂ ನಿಷೇಧಿಸಿದರು. ಸಂತೆಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಜಾವ ಟೆಂಪೋ ನಿಲ್ಲಿಸಿಕೊಂಡು, ಆಡು ಹಿಡಿದು ಬರುವ ಮುದುಕರನ್ನು ತಡೆದು "ಇವತ್ತು ಸಂತೆ ಬಿದ್ದಿದೆ, ಇಲ್ಲೇ ಕೊಟ್ಟು ಹೋಗು" ಎನ್ನುವವರನ್ನು ಅಂದು ನಾನು ಕಣ್ಣಾರೆ ಕಂಡೆ. ಅವರಲ್ಲಿ ನಮ್ಮವರೂ ಇದ್ದರು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದರು.

ವ್ಯಾಪಾರಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಹಳ್ಳಿಯ 8,500 ಪಟ್ಟಣದಲ್ಲಿ 18,700 ಆಗುವಾಗ ನಡುವಿನ ಹಣವೆಲ್ಲ ಲೂಟಿಯಲ್ಲ. ಲಾರಿಯ ಬಾಡಿಗೆ ಇದೆ. ಒಂದು ರಾತ್ರಿಯ ಪ್ರಯಾಣದಲ್ಲಿ ದೊಡ್ಡ ಹೋತವೊಂದು ಎರಡು-ಮೂರು ಕೆ.ಜಿ. ಇಳಿದುಹೋಗುತ್ತದೆ. ದಾರಿಯಲ್ಲಿ ಸಾಯುವುದೂ ಉಂಟು. ಪಟ್ಟಣದಲ್ಲಿ ವಾರಗಟ್ಟಲೆ ಮೇವು, ಕಾವಲು, ಜಾಗದ ಬಾಡಿಗೆ. ಹಬ್ಬ ಮುಗಿದ ಸಂಜೆ ಉಳಿದುಹೋದ ಆಡು ಮತ್ತೆ ಮಾಂಸದ ಬೆಲೆಗೆ ಇಳಿಯುತ್ತದೆ. ಇದನ್ನೆಲ್ಲ ಅವರು ಲೆಕ್ಕ ಹಾಕಿಯೇ ಕೊಳ್ಳುತ್ತಾರೆ. ಖಾಲಾ ಕೂಡ ಹಾಕಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಸಂತೆಯಿಂದ ಬಂದ ಸಂಜೆ ನಾನು ನನ್ನ ಚೀಲದಿಂದ ಬಟ್ಟೆ ಹೊಲಿಯುವ ಟೇಪು ತೆಗೆದೆ. ಇದನ್ನು ಸಹೋದರಿಯರು ಗಮನವಿಟ್ಟು ಓದಿ, ಹೊಲಿಗೆ ಯಂತ್ರ ಇರುವ ಪ್ರತಿ ಮನೆಯಲ್ಲೂ ಈ ತಕ್ಕಡಿ ಇದೆ. ಆಡನ್ನು ಸಮನಾದ ನೆಲದಲ್ಲಿ ನೇರವಾಗಿ ನಿಲ್ಲಿಸಿ. ಮುಂಗಾಲುಗಳ ಹಿಂದೆಯೇ ಎದೆಯ ಸುತ್ತ ಟೇಪು ಸುತ್ತಿ ಎಷ್ಟು ಇಂಚು ಎಂದು ಬರೆದುಕೊಳ್ಳಿ. ನಂತರ ಭುಜದ ಮುಂದಿನ ಮೂಳೆಯಿಂದ ಹಿಂಭಾಗದಲ್ಲಿ ಬಾಲದ ಬದಿಗೆ ಉಬ್ಬಿರುವ ಮೂಳೆಯವರೆಗೆ ಉದ್ದ ಅಳೆಯಿರಿ. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಬರುವುದು ಕೆ.ಜಿ. ಉದಾಹರಣೆಗೆ ಸುತ್ತಳತೆ 28 ಇಂಚು, ಉದ್ದ 26 ಇಂಚು ಇದ್ದರೆ, 28ನ್ನು 28ರಿಂದ ಗುಣಿಸಿದರೆ 784, ಅದನ್ನು 26ರಿಂದ ಗುಣಿಸಿದರೆ 20,384, ಅದನ್ನು 660ರಿಂದ ಭಾಗಿಸಿದರೆ ಸುಮಾರು 31 ಕೆ.ಜಿ. ಎರಡು-ಮೂರು ಕೆ.ಜಿ. ಆಚೀಚೆ ಆಗಬಹುದು. ಹೊಟ್ಟೆ ತುಂಬ ಮೇದು ಬಂದಾಗ ಅಳೆಯಬೇಡಿ, ಬೆಳಿಗ್ಗೆ ಮೇಯಲು ಬಿಡುವ ಮೊದಲೇ ಅಳೆಯಿರಿ. ಕೊಕ್ಕೆಗೆ ತೂಗುಹಾಕುವ ಸಣ್ಣ ತಕ್ಕಡಿ ಸಿಕ್ಕಿದರೆ ಇನ್ನೂ ಒಳ್ಳೆಯದು. ನಿಮ್ಮ ಊರಿನಲ್ಲಿ ಸ್ವಸಹಾಯ ಸಂಘದ ಪಶು ಸಖಿ ಇದ್ದರೆ ಅವರನ್ನೂ ಕೇಳಿ ನೋಡಿ.

ಖಾಲಾರ ಬಳಿ ಆಗ ಮೂರು ಹೋತ ಮರಿಗಳಿದ್ದವು. ಹುಟ್ಟಿ ಆರೇಳು ತಿಂಗಳು. ದೊಡ್ಡದು 18 ಕೆ.ಜಿ. ಬಂತು. ಮೇಯಿಸಿ ಸಾಕುವ ನಮ್ಮ ನಾಟಿ ಆಡು ದಿನಕ್ಕೆ ಐವತ್ತರಿಂದ ನೂರು ಗ್ರಾಂ ಬೆಳೆಯುತ್ತದೆ. ಮೇ ತಿಂಗಳ ಹೊತ್ತಿಗೆ ಮೂವತ್ತರ ಹತ್ತಿರ ಬರಬಹುದು, ವರ್ಷವೂ ತುಂಬಿರುತ್ತದೆ ಎಂದು ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ನಮ್ಮ ಮನೆ ಹಾಗೂ ಮೈದುನನ ಮನೆಗೆ ಬೇಕಾದವನ್ನು ಅವರಿಂದಲೇ ತೂಕಕ್ಕೆ ಕೊಳ್ಳುತ್ತೇವೆ, ಮೂರನೆಯದಕ್ಕೂ ಹುಬ್ಬಳ್ಳಿಯಲ್ಲಿ ಯಾರನ್ನಾದರೂ ಹುಡುಕುತ್ತೇನೆ ಎಂದು ಮಾತು ಕೊಟ್ಟು ಬಂದೆ.

2025ರ ಮಾರ್ಚ್‌ನಲ್ಲಿ ಅದೇ ದಲ್ಲಾಳಿ ಬಂದು ಒಂದಕ್ಕೆ 8,500ರಂತೆ ಮೂರನ್ನೂ ಕೇಳಿದ. ಖಾಲಾ ಕೊಡಲಿಲ್ಲ. ಈದ್‌ನ ಖರ್ಚಿಗೆ ಸಂಘದಿಂದ ಸ್ವಲ್ಪ ಹಣ ತೆಗೆದರು. ನನಗೆ ಫೋನ್ ಮಾಡಿ ದೊಡ್ಡ ಪರೀಕ್ಷೆ ಪಾಸಾದವರಂತೆ ಹೇಳಿಕೊಂಡರು.

ಏಪ್ರಿಲ್‌ನಲ್ಲಿ ಮೂರರಲ್ಲಿ ಒಂದು ಸತ್ತಿತು. ಮೂಗಿನಲ್ಲಿ ಸಿಂಬಳ, ಬಾಯಲ್ಲಿ ಹುಣ್ಣು, ಭೇದಿ. ಐದೇ ದಿನ. ಆಡು-ಕುರಿಗಳ ಪ್ಲೇಗ್ ಎನ್ನುವ ಪಿ.ಪಿ.ಆರ್. ರೋಗದ ಲಕ್ಷಣಗಳೂ ಹೀಗೆಯೇ ಇರುತ್ತವೆ. ಇದಕ್ಕೆ ಪಶುವೈದ್ಯ ಇಲಾಖೆಯವರು ಉಚಿತವಾಗಿ ಹಾಕುವ ಲಸಿಕೆ ಇದೆ. ಮರಿಗೆ ಮೂರು-ನಾಲ್ಕು ತಿಂಗಳಾದಾಗ ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ರಕ್ಷಣೆ ಸಿಗುತ್ತದೆ. ಜಗತ್ತಿನಿಂದಲೇ ಈ ರೋಗವನ್ನು 2030ರೊಳಗೆ ಇಲ್ಲವಾಗಿಸುವ ಗುರಿ ಇಟ್ಟುಕೊಂಡಿದ್ದಾರೆ. ಖಾಲಾ ಹಾಕಿಸಿರಲಿಲ್ಲ. ಟೇಪು ಹಿಡಿದು ದೊಡ್ಡ ಲೆಕ್ಕ ಹೇಳಿಕೊಟ್ಟ ನಾನೂ ಆ ಮಾತು ಎತ್ತಿರಲಿಲ್ಲ. ಅದು ನನ್ನ ತಪ್ಪು.

ಇನ್ನೊಂದು ತಪ್ಪೂ ಆಯಿತು. ಆರು ತಿಂಗಳು ಮೀರಿದ ಆಡು-ಕುರಿ ಆಕಸ್ಮಿಕವಾಗಿ ಸತ್ತರೆ ರಾಜ್ಯ ಸರಕಾರದ ಅನುಗ್ರಹ ಯೋಜನೆಯಲ್ಲಿ ಪರಿಹಾರವಿದೆ. 5,000 ರೂಪಾಯಿ ಇದ್ದುದನ್ನು 7,500ಕ್ಕೆ ಏರಿಸುವುದಾಗಿ 2025-26ರ ಬಜೆಟ್‌ನಲ್ಲಿ ಹೇಳಿದ್ದರು. ಆದರೆ ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಿ ಬರೆದುಕೊಡಬೇಕು. ಖಾಲೂ ಆ ರಾತ್ರಿಯೇ ಹೊಲದ ಬದುವಿನಲ್ಲಿ ಗುಂಡಿ ತೋಡಿ ಹೂತುಬಿಟ್ಟಿದ್ದರು.

ಉಳಿದ ಎರಡನ್ನು ಮೇ ಕೊನೆಯಲ್ಲಿ ನಾವು ತಕ್ಕಡಿಯಲ್ಲಿ ತೂಗಿಯೇ ಕೊಂಡೆವು. 32 ಕೆ.ಜಿ. ಮತ್ತು 29 ಕೆ.ಜಿ. ದರ ಎಷ್ಟೆಂದು ನಿರ್ಧರಿಸಲು ಕಷ್ಟವಾಯಿತು. ಖಾಲಾ ಸಂಬಂಧಿಕರೆಂದು ಕಡಿಮೆ ಹೇಳುತ್ತಾರೆ, ನಮ್ಮ ಮನೆಯವರು ಸಂಬಂಧಿಕರೆಂದು ಹೆಚ್ಚು ಹೇಳುತ್ತಾರೆ! ಕೊನೆಗೆ ಹುಬ್ಬಳ್ಳಿಯ ದರದಲ್ಲಿ ಸಾಗಣೆಯ ಖರ್ಚು ಕಳೆದು ಕೆ.ಜಿ.ಗೆ 440 ಎಂದಾಯಿತು. ಒಂದಕ್ಕೆ 14,080, ಇನ್ನೊಂದಕ್ಕೆ 12,760. ಒಟ್ಟು 26,840 ರೂಪಾಯಿ.

ಮಾರ್ಚ್‌ನಲ್ಲಿ ದಲ್ಲಾಳಿಗೆ ಮೂರನ್ನೂ ಕೊಟ್ಟಿದ್ದರೆ 25,500 ಬರುತ್ತಿತ್ತು. ಕಾದದ್ದರಿಂದ ಸಿಕ್ಕಿದ್ದು 1,340 ರೂಪಾಯಿ ಹೆಚ್ಚು. ಎರಡು ತಿಂಗಳು ಕೊಂಡು ಹಾಕಿದ ಶೇಂಗಾ ಹೊಟ್ಟಿನ ಬೆಲೆಯನ್ನು ಅದರಲ್ಲಿ ಕಳೆದರೆ ಏನೂ ಉಳಿಯುವುದಿಲ್ಲ. ಕಾದು ಮಾರಿದರೆ ಲಾಭ ಎಂದು ನಾನು ಇಲ್ಲಿ ಸುಲಭವಾಗಿ ಬರೆದುಬಿಡಬಹುದಿತ್ತು. ಆದರೆ ಸಾಕುವವರ ಮನೆಯಲ್ಲಿ ಒಂದು ಆಡು ಸತ್ತರೆ ಉಳಿದವುಗಳ ಹಬ್ಬದ ಬೆಲೆಯೂ ಅದರೊಂದಿಗೇ ಮಣ್ಣಾಗುತ್ತದೆ. ದಲ್ಲಾಳಿ ಮಾರ್ಚ್‌ನಲ್ಲಿ ಕೊಡುವ ಕಡಿಮೆ ಬೆಲೆಯಲ್ಲಿ ಈ ಅಪಾಯವನ್ನೂ ಅವನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಲಸಿಕೆ ಹಾಕಿಸಿ, ಹೊಟ್ಟು ಕೂಡಿಟ್ಟು, ಕೈಗಡಕ್ಕೆ ಸಂಘದ ಬೆಂಬಲ ಇರುವವರು ಕಾಯಬಹುದು. ಇವು ಯಾವುದೂ ಇಲ್ಲದವರು ಮೂರರಲ್ಲಿ ಎರಡನ್ನು ಮೊದಲೇ ಮಾರಿ ಒಂದನ್ನು ಇಟ್ಟುಕೊಂಡರೂ ನಷ್ಟವಿಲ್ಲ. ಮಾರುವಾಗ ಅದರ ತೂಕ ತಿಳಿದಿದ್ದರೆ ಸಾಕು.

ಪಟ್ಟಣದ ಸಹೋದರಿಯರಿಗೂ ಇಲ್ಲಿ ಕೆಲಸವಿದೆ. ನಮಗೆಲ್ಲ ಊರಿನಲ್ಲಿ ಒಬ್ಬ ಖಾಲಾ, ಒಬ್ಬ ಅಕ್ಕ, ಒಬ್ಬ ಮಾಮಿ ಇದ್ದಾರೆ. ಹಬ್ಬಕ್ಕೆ ನಾಲ್ಕು ತಿಂಗಳ ಮುಂಚೆಯೇ ಅವರಿಗೆ ಒಂದು ಮಾತು ಹೇಳಿ, ಸಾಧ್ಯವಾದರೆ ಸ್ವಲ್ಪ ಮುಂಗಡ ಕೊಡಿ. ಬೇಸಿಗೆಯ ಅವಸರಕ್ಕೆ ಅವರು ಮಾರುವುದು ತಪ್ಪುತ್ತದೆ, ನಿಮಗೂ ಹುಟ್ಟಿದ ದಿನ ಗೊತ್ತಿರುವ, ಹಬ್ಬದ ಮೊದಲ ವಾರದ ನೂಕುನುಗ್ಗಲಿಲ್ಲದ ಆಡು ಸಿಗುತ್ತದೆ. ಆದರೆ ಸಂಬಂಧದ ಸಲುಗೆಯಲ್ಲಿ ಬೆಲೆ ಇಳಿಸಬೇಡಿ. ದಲ್ಲಾಳಿಯ ಎದುರು ಸುಮ್ಮನಿರುವ ಹೆಂಗಸು ತವರಿನವರ ಎದುರು ಇನ್ನೂ ಸುಮ್ಮನಿರುತ್ತಾಳೆ.

ಮೊನ್ನೆ ಖಾಲಾ ಫೋನ್ ಮಾಡಿದ್ದರು. ಪಕ್ಕದ ಮನೆಯ ಅಕ್ಕ, ಅವರ ಓರಗಿತ್ತಿ, ಕೊನೆಯ ಓಣಿಯ ಇಬ್ಬರು ತಮ್ಮ ಆಡುಗಳನ್ನು ಅಳೆಯಲು ಇವರನ್ನೇ ಕರೆಯುತ್ತಾರಂತೆ. ಲೆಕ್ಕ ಮಾಡುವುದು ಏಳನೇ ಕ್ಲಾಸಿನ ಮೊಮ್ಮಗಳು, ಟೇಪು ಹಿಡಿಯುವುದು ಇವರು. ಹೊಸ ಮರಿಗಳಿಗೆ ಲಸಿಕೆ ಆಗಿದೆ, ತಾರೀಕು ಬರೆದಿಟ್ಟಿದ್ದೇನೆ ಎಂದರು. ಕೊನೆಗೆ ಫೋನ್ ಇಡುವ ಮುಂಚೆ, "ನೀನು ಕೊಟ್ಟ ಟೇಪಿನ ತುದಿಯನ್ನು ಆಡು ತಿಂದುಬಿಟ್ಟಿದೆ ಬೇಟಾ. ಮೂರು ಇಂಚು ಇಲ್ಲ. ಬರುವಾಗ ಇನ್ನೊಂದು ತಾ" ಎಂದರು.